ಗರ್ಭಿಣಿಗೆ ಬುದ್ಧಿ ಹೇಳಿದ್ದು ಸಾಕು, ನಲ್ಲಿಗೆ ನೀರು ಬಿಡಿ



ಸೊಳ್ಳೆ ಅಂದ ತಕ್ಷಣ ನಮಗೆ ನೆನಪಾಗೋದು ಡೆಂಗಿ, ಪ್ಲೇಟ್‌ಲೆಟ್, ಪಪ್ಪಾಯಿ ಎಲೆ ರಸ. ಇವತ್ತು ನಾನು ಮಾತಾಡೋದು ಅದೇ ಸೊಳ್ಳೆ ಹೊತ್ತು ತರುವ ಇನ್ನೊಂದು ವೈರಸ್ ಬಗ್ಗೆ. ಅದರ ಹೆಸರು ಝೀಕಾ. ಐದು ಜನಕ್ಕೆ ಈ ಸೋಂಕು ತಗುಲಿದರೆ ಸುಮಾರು ನಾಲ್ಕು ಜನಕ್ಕೆ ಅದು ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. ಉಳಿದವರಿಗೂ ಸಣ್ಣ ಜ್ವರ, ಮೈಮೇಲೆ ಗಂಧೆ, ಕಣ್ಣು ಕೆಂಪಾಗುವುದು, ಕೀಲು ನೋವು, ಅಷ್ಟೇ. ಒಂದು ವಾರದಲ್ಲಿ ವಾಸಿ. ಹಾಗಾದರೆ ಹೆದರೋದು ಯಾಕೆ? ನಮಗಾಗಿ ಅಲ್ಲ, ಇನ್ನೂ ಹುಟ್ಟದೇ ಇರುವ ಮಗುವಿಗಾಗಿ.

ಉಗಾಂಡಾದಲ್ಲಿ ಝೀಕಾ ಅಂತ ಒಂದು ಕಾಡಿದೆ. 1947ರಲ್ಲಿ ಅಲ್ಲಿನ ಒಂದು ಕೋತಿಯಲ್ಲಿ ಈ ವೈರಸ್ ಮೊದಲು ಸಿಕ್ಕಿತು. ದಶಕಗಟ್ಟಲೆ ಇದನ್ನು ಯಾರೂ ದೊಡ್ಡ ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ. 2015ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದ ರೆಸಿಫೆ ನಗರದಲ್ಲಿ ವೈದ್ಯರು ಬೆಚ್ಚಿಬಿದ್ದರು. ತಲೆ ತೀರಾ ಚಿಕ್ಕದಾಗಿರುವ ಮಕ್ಕಳು ಒಂದರ ಹಿಂದೆ ಒಂದು ಹುಟ್ಟತೊಡಗಿದ್ದವು. ಇದನ್ನು ಮೊದಮೊದಲು ಗುರುತಿಸಿದವರಲ್ಲಿ ವನೆಸ್ಸಾ ವಾನ್ ಡರ್ ಲಿಂಡೆನ್ ಮತ್ತು ಅವರ ತಾಯಿ ಅನಾ ಇದ್ದರು. ಇಬ್ಬರೂ ಮಕ್ಕಳ ನರರೋಗ ತಜ್ಞರು. ವಿಚಾರಿಸಿದರೆ ಎಷ್ಟೋ ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ಮೈಮೇಲೆ ಗಂಧೆ ಎದ್ದಿತ್ತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಘೋಷಿಸಿತು.

ಈ ವೈರಸ್ ತಾಯಿಯ ರಕ್ತದಿಂದ ಮಾಸು ಚೀಲವನ್ನು ದಾಟಿ ಮಗುವಿನ ಮೆದುಳಿಗೆ ಹೋಗುತ್ತದೆ. ಬೆಳೆಯುತ್ತಿರುವ ಮೆದುಳಿನ ಕೋಶಗಳನ್ನೇ ಹಾಳು ಮಾಡುತ್ತದೆ. ಮೊದಲ ಮೂರು ತಿಂಗಳಲ್ಲಿ ಅಪಾಯ ಹೆಚ್ಚು. ಗಾಬರಿ ಬೇಡ, ಸೋಂಕು ತಗುಲಿದ ಎಲ್ಲ ತಾಯಂದಿರ ಮಕ್ಕಳಿಗೂ ಹೀಗಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರಕ್ಕೆ ಐದರಿಂದ ಹದಿನೈದು ಮಕ್ಕಳಿಗೆ ತೊಂದರೆ. ಆದರೆ ಆ ಐದರಲ್ಲಿ ನಮ್ಮ ಮನೆಯ ಮಗು ಇದ್ದರೆ? ಇದಕ್ಕೆ ಇನ್ನೂ ಲಸಿಕೆ ಇಲ್ಲ, ನಿರ್ದಿಷ್ಟ ಔಷಧಿಯೂ ಇಲ್ಲ.

ಬ್ರೆಜಿಲ್ ಎಲ್ಲೋ ದೂರ ಅಂದ್ಕೋಬೇಡಿ. 2021ರಲ್ಲಿ ಕೇರಳದಲ್ಲಿ ಮೊದಲು ಪತ್ತೆಯಾದ ಪ್ರಕರಣವೇ ಒಬ್ಬ ಗರ್ಭಿಣಿಯದ್ದು. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಐದು ವರ್ಷದ ಮಗುವಿಗೆ ಝೀಕಾ ದೃಢಪಟ್ಟಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲೇ ವೈರಸ್ ಸಿಕ್ಕಿತು. 2024ರಲ್ಲಿ ಪುಣೆಯಲ್ಲಿ ಗರ್ಭಿಣಿಯರಿಗೆ ಬಂತು. ಆಗ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೂ ಹೇಳಿತು: ಗರ್ಭಿಣಿಯರನ್ನು ಪರೀಕ್ಷೆ ಮಾಡಿ, ಸೋಂಕಿದ್ದರೆ ಹೊಟ್ಟೆಯೊಳಗಿನ ಮಗುವಿನ ಬೆಳವಣಿಗೆ ಮೇಲೆ ಕಣ್ಣಿಡಿ.

ಝೀಕಾ ಅಪರೂಪ ಅನ್ನೋಣ. ಅದೇ ಈಡಿಸ್ ಸೊಳ್ಳೆ ತರುವ ಡೆಂಗಿ, ಚಿಕೂನ್‌ಗುನ್ಯಾ ಅಪರೂಪವೇ? ಗರ್ಭಿಣಿಗೆ ಡೆಂಗಿ ಬಂದರೆ ರಕ್ತಸ್ರಾವ, ಅವಧಿಗೆ ಮುಂಚೆ ಹೆರಿಗೆಯ ಅಪಾಯ ಇರುತ್ತದೆ. ಹೆರಿಗೆ ಹೊತ್ತಿನಲ್ಲಿ ಚಿಕೂನ್‌ಗುನ್ಯಾ ಇದ್ದರೆ ಅದು ಹಸುಗೂಸಿಗೂ ದಾಟಬಹುದು.

ಈಗ ನನ್ನ ಪ್ರಶ್ನೆ. ಇದಕ್ಕೆಲ್ಲ ನಾವು ಕೊಡುವ ಉತ್ತರ ಏನು? "ಗರ್ಭಿಣಿಯರೇ, ಎಚ್ಚರವಾಗಿರಿ." 2016ರಲ್ಲಿ ಎಲ್ ಸಾಲ್ವಡಾರ್ ದೇಶದ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2018ರವರೆಗೆ ಗರ್ಭ ಧರಿಸಲೇಬೇಡಿ ಅಂತ ಹೆಂಗಸರಿಗೆ ಸಲಹೆ ಕೊಟ್ಟಿತು! ಸೊಳ್ಳೆ ಹಿಡಿಯೋಕೆ ಆಗಲಿಲ್ಲ, ಹೆಂಗಸರನ್ನ ಹಿಡಿದುಕೊಂಡರು.

ಈ ಸೊಳ್ಳೆ ಕೊಳಚೆ ಮೋರಿಯಲ್ಲಿ ಹುಟ್ಟೋದಲ್ಲ ಸ್ವಾಮಿ. ಮನೆಯೊಳಗಿನ ಡ್ರಮ್ಮು, ತೊಟ್ಟಿ, ಸಿಂಟೆಕ್ಸ್ ಟ್ಯಾಂಕಿನ ತಿಳಿನೀರಲ್ಲಿ ಹುಟ್ಟುತ್ತದೆ. ಡ್ರಮ್ಮು ಮನೆಯೊಳಗೆ ಬಂದಿದ್ದು ಯಾಕೆ? ನಲ್ಲಿಯಲ್ಲಿ ದಿನಾ ನೀರು ಬರಲ್ಲ, ಅದಕ್ಕೆ. ಬ್ರೆಜಿಲ್‌ನಲ್ಲೂ ಹೆಚ್ಚು ನರಳಿದ್ದು ನೀರು ಸರಿಯಾಗಿ ಬಾರದ, ಹಿಡಿದಿಟ್ಟುಕೊಂಡು ಬದುಕುವ ಬಡವರ ಕೇರಿಗಳೇ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ನಗರದ ಮನೆಗೆ 400 ರೂಪಾಯಿ ದಂಡ ಅಂತ ನಿಯಮ ಮಾಡಿತು. ಸರಿ, ಒಪ್ಪೋಣ. ಆದರೆ ವಾರಕ್ಕೊಂದು ಸಲ ನೀರು ಬಿಡುವವರಿಗೆ ದಂಡ ಎಷ್ಟು? ಫಾಗಿಂಗ್ ಹೊಗೆ ಬಿಟ್ಟು ಫೋಟೋ ಹಿಡಿಸಿಕೊಂಡರೆ ಡ್ರಮ್ಮಿನೊಳಗಿನ ಮರಿ ಸಾಯಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ನಾವೂ ಸುಮ್ಮನೆ ಕೂರೋ ಹಾಗಿಲ್ಲ. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ, ಒಳಗಿನ ಗೋಡೆ ಉಜ್ಜಿ ತೊಳೆಯಿರಿ. ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆಮೇಲೆ ಬಿಗಿಯಾಗಿ ಮುಚ್ಚಿಡಿ. ಈ ಸೊಳ್ಳೆ ಕಚ್ಚೋದು ಹಗಲಲ್ಲಿ, ಹಾಗಾಗಿ ಗರ್ಭಿಣಿ ಮಧ್ಯಾಹ್ನ ಮಲಗುವಾಗಲೂ ಪರದೆ ಇರಲಿ. ಜ್ವರ ಬಂದರೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ನುಂಗಬೇಡಿ. ಡೆಂಗಿ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಸೀದಾ ಡಾಕ್ಟರ ಹತ್ತಿರ ಹೋಗಿ. ಜ್ವರ ಬಂದಿದ್ದರೆ, ಗಂಧೆ ಎದ್ದಿದ್ದರೆ ಅವರಿಗೆ ಮುಚ್ಚಿಡದೆ ಹೇಳಿ, ಸ್ಕ್ಯಾನಿಂಗ್ ತಪ್ಪಿಸಬೇಡಿ.

ಗಂಡಂದಿರಿಗೂ ಒಂದು ಮಾತು. ಝೀಕಾ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಸೋಂಕಿರುವ ಊರಿಗೆ ಹೋಗಿ ಬಂದಿದ್ದು, ಮನೆಯಲ್ಲಿ ಹೆಂಡತಿ ಗರ್ಭಿಣಿಯಾಗಿದ್ದರೆ, ಹೆರಿಗೆ ಆಗುವವರೆಗೂ ಕಾಂಡೋಮ್ ಬಳಸಿ, ಇಲ್ಲವೇ ದೂರ ಇರಿ. ಇದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಡ್ರಮ್ಮು ಉಜ್ಜುವ ಕೆಲಸವನ್ನೂ ನೀವೇ ಮಾಡಿ. ಏಳು ತಿಂಗಳ ಬಸುರಿ ಬಗ್ಗಿ ಡ್ರಮ್ಮು ತೊಳೆಯೋದು ನೋಡ್ತಾ ಕೂರಬೇಡಿ.

ಸೀಮಂತದ ದಿನ ಐದು ಥರ ಅನ್ನ, ಹಸಿರು ಬಳೆ, ಸೋಬಾನೆ ಪದ, ಎಲ್ಲವನ್ನೂ ಕೊಡುವ ಸಮಾಜ ನಮ್ಮದು. ಅವಳಿಗೆ ಇನ್ನೂ ಒಂದು ಕೊಡಿ: ಸೊಳ್ಳೆ ಇಲ್ಲದ ಮನೆ. ಪಾಲಿಕೆ, ಪಂಚಾಯಿತಿಯವರೇ, ನೀವು ಕೊಡಬೇಕಾದ ಉಡುಗೊರೆ ಇನ್ನೂ ಸರಳ. ದಿನಾ ಬೆಳಿಗ್ಗೆ ಅರ್ಧ ಗಂಟೆ ನೀರು.