ರಥಬೀದಿಯ ಮಂಟಪಗಳು ಯಾರ ಸೊತ್ತು?

(ಆನೆಗೊಂದಿಯಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ಕುಳಿತಿರುವ ಈ ಊರಿನಿಂದ ತುಂಗಭದ್ರೆಯನ್ನು ದಾಟಿದರೆ ಹಂಪಿ. ವಿರೂಪಾಕ್ಷ ದೇವಾಲಯದ ಮುಂಭಾಗದಿಂದ ಮತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ರಥಬೀದಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ಎರಡೂ ಬದಿಯ ಕಲ್ಲಿನ ಸಾಲು ಮಂಟಪಗಳ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಈ ಮಂಟಪಗಳು ಯಾವ ಉದ್ದೇಶಕ್ಕಾಗಿ ಇದ್ದವು? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮೊಗಸಾಲೆಗಳಿಂದ ಕೂಡಿದ ಸುಂದರ ಮನೆಗಳ ಈ ಬೀದಿಯಲ್ಲಿ ಯಾತ್ರಿಕರು ತಂಗುತ್ತಿದ್ದರೆಂದೂ, ಸಿರಿವಂತರಿಗೂ ಇಲ್ಲಿ ವಸತಿಗಳಿದ್ದವೆಂದೂ ಬರೆದಿದ್ದಾನೆ. ಅಂದರೆ ಆ ಕಲ್ಲುಗಳು ಮೊದಲಿನಿಂದಲೂ ಮನುಷ್ಯರ ವಾಸಕ್ಕೆ ಒಗ್ಗಿಕೊಂಡವು. 1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು. 1856ರಲ್ಲಿ ಗ್ರೀನ್‌ಲಾ ಎಂಬ ಆಂಗ್ಲ ಅಧಿಕಾರಿ ಹಂಪಿಯ ಪಾಳುಗಳ ಛಾಯಾಚಿತ್ರಗಳನ್ನು ತೆಗೆದ. ಇಪ್ಪತ್ತನೆಯ ಶತಮಾನದಲ್ಲಿ ಬಡ ಕುಟುಂಬಗಳು ಇದೇ ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ಸಂಸಾರ ಹೂಡಿದವು. ಚಹಾದಂಗಡಿ, ಖಾನಾವಳಿ, ಪುಸ್ತಕದಂಗಡಿ, ಬಾಡಿಗೆ ಕೋಣೆಗಳು ಬಂದವು. ಎಷ್ಟೋ ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದರು.

2011ರ ಜುಲೈ 29ರಂದು ಬುಲ್ಡೋಝರ್‌ಗಳು ಬಂದವು. ಬಹಳ ಕಡಿಮೆ ಅವಧಿಯ ಸೂಚನೆ ನೀಡಿ, ಸುಮಾರು ಮುನ್ನೂರು ಕುಟುಂಬಗಳನ್ನು ಎಬ್ಬಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ನಿವೇಶನ ಸಿಗಲು ವರ್ಷಗಟ್ಟಲೆ ಕಾಯಬೇಕಾಯಿತು. ದಿನದ ದುಡಿಮೆಯನ್ನೇ ನಂಬಿದ ಅಂಗಡಿಕಾರನಿಗೆ ವರ್ಷಗಟ್ಟಲೆ ಕಾಯುವುದೆಂದರೇನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ.

ಹಾಗೆಂದು ನಿವಾಸಿಗಳದ್ದು ಏನೂ ತಪ್ಪಿಲ್ಲವೆಂದು ವಾದಿಸಲು ನಾನು ಸಿದ್ಧನಿಲ್ಲ. ಐದು ಶತಮಾನಗಳ ಕಂಬಕ್ಕೆ ಮೊಳೆ ಹೊಡೆಯುವುದು, ಮಂಟಪದ ಮೇಲೆ ಕಾಂಕ್ರೀಟ್ ಅಂತಸ್ತು ಏರಿಸುವುದು ಅನ್ಯಾಯವೇ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ರಕ್ಷಣೆ ಬೇಕಿತ್ತು. ಆದರೆ ಕಲ್ಲನ್ನು ರಕ್ಷಿಸಲು ಮನುಷ್ಯನನ್ನು ಹೊರಗಟ್ಟುವುದೊಂದೇ ದಾರಿಯೇ? ಹಂಪಿ ಉತ್ಸವದ ವೇದಿಕೆ, ಧ್ವನಿವರ್ಧಕ, ಸಾವಿರಾರು ಜನರ ಜಾತ್ರೆ ಅದೇ ಬಸವಣ್ಣನ ಎದುರು ನಡೆಯಬಹುದು, ಚಹಾದ ಒಲೆ ಮಾತ್ರ ಕೂಡದು! ಇನ್ನು, ಜನರನ್ನು ತೆರವುಗೊಳಿಸಿದ್ದರಿಂದ ಮಂಟಪಗಳು ಉಳಿದವೆಂದೂ ಹೇಳಲಾಗದು. 2024ರ ಮೇ ತಿಂಗಳ ಮಳೆಗೆ ಅವುಗಳ ಒಂದು ಭಾಗ ಕುಸಿದು ಬಿತ್ತು. ಜನ ಇದ್ದರೆ ಬೀಳುತ್ತಿರಲಿಲ್ಲ ಎಂದಲ್ಲ. ಆದರೆ ತೆರವು ಮತ್ತು ದುರಸ್ತಿ ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ತೋರಿದ ಆತುರ ಎರಡನೆಯದಕ್ಕೆ ಕಾಣಲಿಲ್ಲ.

ಇಲ್ಲಿ ಇನ್ನೊಂದು ಕಟ್ಟಡವನ್ನು ನೆನಪಿಸಬೇಕು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ವಿಜಯನಗರದಲ್ಲಿ ಒಂದು ಮಸೀದಿ ಕಟ್ಟಿಸಿದ. ಗುಮ್ಮಟವಿಲ್ಲ, ಕಮಾನಿಲ್ಲ, ಚಪ್ಪಟೆ ಛಾವಣಿಯ, ಕಲ್ಲುಕಂಬಗಳ ಅದು ಥೇಟ್ ಮಂಟಪದಂತಿದೆ. ಅದರ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು ಅದು ಧರ್ಮಸಾಲೆ ಎಂದು ಕರೆಯುತ್ತದೆ. ಅದರ ಪುಣ್ಯ ದೊರೆಗೆ ಸಲ್ಲಲಿ ಎನ್ನುತ್ತದೆ. ಪಠ್ಯಪುಸ್ತಕದ ಯುದ್ಧಗಳನ್ನಷ್ಟೇ ಓದಿದ ನಮ್ಮ ಮಕ್ಕಳನ್ನು ಅಲ್ಲಿಗೆ ಒಮ್ಮೆ ಕರೆದೊಯ್ಯಿರಿ.

ಈಗ ಆನೆಗೊಂದಿಗೆ ಬರೋಣ. ಈ ಊರು ಪಾಳಾಗಲಿಲ್ಲ. ಕೋಟೆಬಾಗಿಲಿನೊಳಗೆ ಜನ ಇಂದಿಗೂ ಬದುಕುತ್ತಿದ್ದಾರೆ, ಗಗನ ಮಹಲಿನ ಎದುರು ದನ ಮೇಯುತ್ತವೆ. ಕಿಷ್ಕಿಂದಾ ಟ್ರಸ್ಟ್‌ನವರು ಬಾಳೆನಾರಿನ ಕರಕುಶಲ ಕೆಲಸದಿಂದ ಇಲ್ಲಿನ ಮಹಿಳೆಯರಿಗೆ ಸಂಪಾದನೆಯ ದಾರಿ ತೋರಿಸಿದರು. ಹಳೆಯ ಮಣ್ಣಿನ ಮನೆಗಳು ದುರಸ್ತಿಗೊಂಡು ಪ್ರವಾಸಿಗರ ವಸತಿಗಳಾದವು. ಇದು ಒಳ್ಳೆಯ ದಾರಿ. ಆದರೂ ಆ ವಸತಿಗಳ ಬಾಡಿಗೆಯಲ್ಲಿ ಊರಿನ ಬಡವನ ಪಾಲೆಷ್ಟು ಎಂದು ಕೇಳುತ್ತಲೇ ಇರಬೇಕು.

2002ರ ಕಾಯ್ದೆಯಂತೆ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ 236 ಚದರ ಕಿ.ಮೀ. ಆನೆಗೊಂದಿಯೂ ಅದರೊಳಗಿದೆ. ನೆರೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ನೆಲಸಮವಾದವು. ಆದ್ದರಿಂದ ಸಹೋದರರೇ, ನಿಮ್ಮ ಮನೆಯ ಖಾತೆ, ತೆರಿಗೆ ರಸೀದಿಗಳನ್ನು ಇಂದೇ ತೆಗೆದು ನೋಡಿ. ತಂದೆಯ ಹೆಸರಿನಲ್ಲೇ ಉಳಿದಿದ್ದರೆ ವರ್ಗಾಯಿಸಿಕೊಳ್ಳಿ. ಸಹೋದರಿಯರ ಹಕ್ಕಿನ ಪಾಲನ್ನು ಬಿಟ್ಟು ಬರೆಸಬೇಡಿ. ಒಂದು ಗೋಡೆ ಎಬ್ಬಿಸುವ ಮುನ್ನವೂ ಪ್ರಾಧಿಕಾರದ ಅನುಮತಿಯನ್ನು ಲಿಖಿತವಾಗಿ ಕೇಳಿ, ಅರ್ಜಿಯ ಸ್ವೀಕೃತಿ ಇಟ್ಟುಕೊಳ್ಳಿ. ಗ್ರಾಮಸಭೆ ಕರೆದಾಗ ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ, ಎದ್ದು ಮಾತನಾಡಿ.