ವಹಿಯಲ್ಲಿದ್ದ ಅಪ್ಪನ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 2002ರಲ್ಲಿ ಈ ಶಾಲೆಯ ಎಂಟನೇ ತರಗತಿಗೆ ಸೇರಿ, 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ಆಮೇಲೆ ಪಿಯುಸಿ, ಬಿಇ, ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ. 2018ರಿಂದ ಜರ್ಮನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಊರಿಗೆ ಬಂದಾಗಲೆಲ್ಲ ಮೂರು ಪ್ರಶ್ನೆ ಕೇಳುತ್ತಾರೆ: ಸಂಬಳ ಎಷ್ಟು? ಯಾವ ಏಜೆಂಟ್ ಕಳಿಸಿದ? ಅವನಿಗೆ ಎಷ್ಟು ಕೊಟ್ಟೆ? ಮೊದಲನೆಯದಕ್ಕೆ ಉತ್ತರ ಮನೆಗೆ ಬಂದರೆ ಹೇಳುತ್ತೇನೆ. ಉಳಿದೆರಡಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಏಜೆಂಟ್ ಯಾರೂ ಇರಲಿಲ್ಲ. ನನ್ನನ್ನು ಕಳಿಸಿದ್ದು ಕಾಗದ ಪತ್ರಗಳು. ಅದರಲ್ಲೂ ಒಂದು ಕಾಗದ ಈ ಶಾಲೆಯ ಬೀರುವಿನಿಂದ ಬಂದದ್ದು. ಆ ಕಥೆಯನ್ನೇ ಹೇಳುತ್ತೇನೆ.

ಹೊರದೇಶದ ಕಂಪನಿ ಕೆಲಸ ಕೊಟ್ಟರೆ ಸಾಲದು. ಅಲ್ಲಿ ವಾಸ ಮಾಡಿ ದುಡಿಯಲು ಆ ದೇಶದ ಸರ್ಕಾರ ಪರವಾನಗಿ ಕೊಡಬೇಕು. ನನ್ನಂಥವರಿಗೆ ಜರ್ಮನಿಯಲ್ಲಿ ಸಿಗುವ ಪರವಾನಗಿಗೆ ಬ್ಲೂ ಕಾರ್ಡ್ ಅನ್ನುತ್ತಾರೆ. ಅಲ್ಲಿ ಅದು ಶುರುವಾದದ್ದು 2012ರ ಆಗಸ್ಟ್ 1ರಂದು. ಅದಕ್ಕೆ ಮೂರು ಮುಖ್ಯ ಷರತ್ತು. ಓದಿದ ಪದವಿಯನ್ನು ಅಲ್ಲಿಯವರು ಒಪ್ಪಬೇಕು. ಸಿಕ್ಕ ಕೆಲಸ ಓದಿಗೆ ಹೊಂದಬೇಕು. ಸಂಬಳ ಅವರು ಹಾಕಿದ ಗೆರೆಗಿಂತ ಕಡಿಮೆ ಇರಬಾರದು. ಆ ಗೆರೆ ಪ್ರತಿ ವರ್ಷ ಬದಲಾಗುತ್ತದೆ. 2025ಕ್ಕೆ ವರ್ಷಕ್ಕೆ 48,300 ಯೂರೋ; ಕಂಪ್ಯೂಟರ್, ವೈದ್ಯಕೀಯದಂಥ ಜನ ಸಾಲದ ಕ್ಷೇತ್ರಗಳಿಗೆ 43,759 ಯೂರೋ ಚಿಲ್ಲರೆ. ರೂಪಾಯಿಗೆ ಗುಣಿಸಿ ಹುಬ್ಬೇರಿಸಬೇಡಿ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಹಿಡಿದುಕೊಂಡ ಮೇಲೆ ಒಂಟಿ ಮನುಷ್ಯನ ಕೈಗೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಉಳಿದದ್ದರಲ್ಲಿ ಮನೆ ಬಾಡಿಗೆ ದೊಡ್ಡ ತುತ್ತು.

ಪದವಿಯನ್ನು ಒಪ್ಪುತ್ತಾರೋ ಇಲ್ಲವೋ ಎಂದು ನಾವೇ ನೋಡಬಹುದು. ಅನಾಬಿನ್ ಎಂಬ ಸರ್ಕಾರಿ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಟ್ಟಿ ಇದೆ. ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್ ಎಂಬ ಗುರುತು ಇರಬೇಕು, ನಾವು ಓದಿದ ಪದವಿ ಅಲ್ಲಿನ ಪದವಿಗೆ ಸಮ ಎಂದೂ ಇರಬೇಕು. ನಾನು ಓದಿದ ವಿಟಿಯುಗೆ ಆ ಗುರುತಿತ್ತು. ಪಟ್ಟಿಯಲ್ಲಿ ಸಿಗದಿದ್ದರೆ ಬಾನ್ ನಗರದ ಕಚೇರಿಯೊಂದಕ್ಕೆ ಅಂಕಪಟ್ಟಿ ಕಳಿಸಿ, ಶುಲ್ಕ ಕಟ್ಟಿ, ಮೌಲ್ಯಮಾಪನ ಪತ್ರ ತರಿಸಿಕೊಳ್ಳಬೇಕು.

ಮೂರು ಷರತ್ತೂ ಸರಿಹೋಯಿತು, ಇನ್ನೇನು ಹೊರಟೆ ಅಂದುಕೊಂಡೆ. ಅಕ್ಟೋಬರ್ 1ಕ್ಕೆ ಕೆಲಸಕ್ಕೆ ಹಾಜರಾಗಬೇಕೆಂದು ಕರಾರಿನಲ್ಲಿತ್ತು. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ವೀಸಾ ಅರ್ಜಿ ಕೊಡುವ ದಿನ ಕೌಂಟರಿನಲ್ಲಿದ್ದವರು ನನ್ನ ಕಾಗದಗಳನ್ನು ಸಾಲಾಗಿ ಜೋಡಿಸಿ ಕೇಳಿದರು: "ಇವರೆಲ್ಲ ಒಬ್ಬರೇನಾ?"

ತಪ್ಪು ನನ್ನದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅದರ ಹಿಂದೆ 'ಆರ್' ಎಂಬ ಒಂದು ಅಕ್ಷರ. ಬಿಇ ಪದವಿ ಪತ್ರದಲ್ಲಿ ಆ ಆರ್ ಹೆಸರಿನ ಮುಂದಕ್ಕೆ ಬಂದಿತ್ತು. ಪರೀಕ್ಷಾ ಫಾರಂ ತುಂಬುವಾಗ ನಾನೇ ಇಂಗ್ಲಿಷಿನ ಒಂದು 'ಎಚ್' ಕೈಬಿಟ್ಟಿದ್ದೆ. ಪಾಸ್‌ಪೋರ್ಟಿನಲ್ಲಿ ಆರ್ ಬದಲು ಅಪ್ಪನ ಪೂರ್ತಿ ಹೆಸರು ಮನೆತನದ ಹೆಸರಿನ ಜಾಗದಲ್ಲಿತ್ತು. ಸೈಬರ್ ಸೆಂಟರಿನಲ್ಲಿ ತುಂಬಿಸಿದ ಫಾರಂ ಅದು. ಓದದೆ ಸಹಿ ಹಾಕಿದ್ದೆ. ನಮ್ಮೂರಲ್ಲಿ ಇದು ಯಾರಿಗೂ ಲೆಕ್ಕವೇ ಅಲ್ಲ. 'ಆರ್' ಅಂದರೆ ಯಾರ ಮಗ ಎಂದು ಇಡೀ ಊರಿಗೆ ಗೊತ್ತು. ನಮ್ಮೂರನ್ನೇ ಕಾಣದವರಿಗೆ ಅದು ಹೇಗೆ ಗೊತ್ತಾಗಬೇಕು?

ನೋಟರಿಯಿಂದ ಪ್ರಮಾಣಪತ್ರ ಮಾಡಿಸಿದೆ. ಅದರ ಜೊತೆಗೆ, ಅಪ್ಪನ ಪೂರ್ತಿ ಹೆಸರಿರುವ ಹಳೆಯ ದಾಖಲೆ ಒಂದಾದರೂ ಬೇಕಿತ್ತು. ಜನನ ಪ್ರಮಾಣಪತ್ರ ನನಗೆ ಇರಲೇ ಇಲ್ಲ. ನಾನು ಮನೆಯಲ್ಲಿ ಹುಟ್ಟಿದವನು, ಯಾರೂ ಬರೆಸಿರಲಿಲ್ಲ. ತಿಂಗಳ ಸಂಬಳ ನಿಂತಿತ್ತು, ತಂಗಿಯ ಮದುವೆ ಸಾಲದ ಕಂತು ನಿಂತಿರಲಿಲ್ಲ. ಕಂಪನಿಯವರು ಒಂದು ತಿಂಗಳು ಕಾಯುತ್ತೇವೆ ಎಂದರು. ಆಮೇಲೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಹೇಳಿದ್ದು ಅರ್ಧ ಅರ್ಥವಾಗಿರಬೇಕು. "ಇಸ್ಕೂಲಲ್ಲಿ ನಿನ್ನ ಸೇರಿಸೋವಾಗ ನಾನೇ ಹೆಬ್ಬೆಟ್ಟು ಒತ್ತಿದ್ದೀನಲ್ಲೋ, ಅದು ಎಲ್ಲಿಗೆ ಹೋಗುತ್ತೆ?" ಅಂದರು. ಮರುದಿನ ಬಾಗಿಲು ತೆಗೆಯುವ ಮೊದಲೇ ಇಲ್ಲಿ ಬಂದು ಕೂತಿದ್ದರಂತೆ. ಮುಖ್ಯೋಪಾಧ್ಯಾಯರು ಮತ್ತು ಗುಮಾಸ್ತರು ಬೀರು ತೆಗೆದು, ಧೂಳು ಕೊಡವಿ, 2002ರ ದಾಖಲಾತಿ ವಹಿ ಹುಡುಕಿದರು. ನನ್ನ ಸಾಲು ಸಿಕ್ಕಿತು. ನನ್ನ ಹೆಸರು, ತಂದೆಯ ಕಾಲಮಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ, ಕೊನೆಗೆ ನೀಲಿ ಹೆಬ್ಬೆಟ್ಟಿನ ಗುರುತು. ಆ ದಿನ ಬರೆದ ಮೇಷ್ಟ್ರು ಅವಸರದಲ್ಲಿ ಒಂದಕ್ಷರ ನುಂಗಿದ್ದರೂ ನನ್ನ ಕೆಲಸ ಕೆಡುತ್ತಿತ್ತು. ಅವರು ನುಂಗಿರಲಿಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ವ್ಯಾಸಂಗ ಪ್ರಮಾಣಪತ್ರ ಬರೆದು, ಮೊಹರು ಒತ್ತಿ, ಸಂಜೆಯೊಳಗೆ ಕೊಟ್ಟರು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಬಂದರು. ವೀಸಾ ಬಂತು. ನವೆಂಬರ್ 1ಕ್ಕೆ ಕೆಲಸಕ್ಕೆ ಸೇರಿದೆ.

ಅಲ್ಲಿಗೆ ಹೋದ ಮೇಲೂ ಕಾಗದ ಮುಗಿಯಲಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಆಮೇಲೆ ವಿದೇಶಿಯರ ಕಚೇರಿಯಲ್ಲಿ ಕರಾರು, ವಿಮೆ, ಬಾಡಿಗೆ ಪತ್ರ ತೋರಿಸಿ, ಬೆರಳಚ್ಚು ಕೊಟ್ಟರೆ, ಕೆಲವು ವಾರಗಳಲ್ಲಿ ಕಾರ್ಡು ಬರುತ್ತದೆ. ಆ ಕಚೇರಿಯಲ್ಲಿ ಕಾಯುತ್ತಾ ಕೂತಿದ್ದಾಗ ಒಳಗಿನಿಂದ ಅಪ್ಪನ ಹೆಸರು ಕೂಗಿದರು. ನಾನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದೆ. ಅಲ್ಲಿ ಮನೆತನದ ಹೆಸರು ಹಿಡಿದೇ ಕರೆಯುವುದು ಪದ್ಧತಿ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪ. ತಾಲ್ಲೂಕು ಕೇಂದ್ರ ಬಿಟ್ಟರೆ ಹೆಚ್ಚು ದೂರ ಹೋಗದ ಮನುಷ್ಯನನ್ನು ಏಳು ವರ್ಷದಿಂದ ಜರ್ಮನಿಯ ಆಫೀಸುಗಳಲ್ಲಿ, ಆಸ್ಪತ್ರೆಯಲ್ಲಿ, ಅಂಚೆ ಕಚೇರಿಯಲ್ಲಿ 'ಹೆರ್' ಎಂದು ಸೇರಿಸಿ, ಅಂದರೆ 'ಶ್ರೀಯುತರೇ' ಎಂದು, ಕರೆಯುತ್ತಿದ್ದಾರೆ. ಅವರಿಗೆ ಹೇಳಿದಾಗ ನಕ್ಕು, "ಹಂಗಾದ್ರೆ ನಾನೂ ಹೋಗಿ ಬಂದಂಗಾಯ್ತು ಬಿಡು" ಅಂದರು.

ಆ ಕಾರ್ಡು ಶಾಶ್ವತವಲ್ಲ ಎಂಬುದೂ ನಿಮಗೆ ತಿಳಿದಿರಲಿ. ಕೆಲಸ ಹೋದರೆ ಕಚೇರಿಗೆ ತಿಳಿಸಬೇಕು. ಹೊಸ ಕೆಲಸ ಹುಡುಕಿಕೊಳ್ಳಲು ಸಿಗುವುದು ಕೆಲವೇ ತಿಂಗಳು. ನಮ್ಮ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡುತ್ತಾರೆ ಎಂದು ಸುದ್ದಿ ಹಬ್ಬಿದಾಗ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಆ ಭಯ ಕಳೆದದ್ದು ಭಾಷೆ ಕಲಿತ ಮೇಲೆ. ಬ್ಲೂ ಕಾರ್ಡ್ ಇದ್ದು, ಪಿಂಚಣಿಗೆ ಹಣ ಕಟ್ಟುತ್ತಾ, ಬಿ1 ಹಂತದ ಜರ್ಮನ್ ಪರೀಕ್ಷೆ ಪಾಸಾದವರಿಗೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಜರ್ಮನ್ನಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕಲಿಂಗ! ಕನ್ನಡ ಮಾಧ್ಯಮದವನಿಗೆ ಆಗುತ್ತದೆಯೇ ಎಂದು ಹೆದರಿದ್ದೆ. ಆಗುತ್ತದೆ ಮಕ್ಕಳೇ. ವ್ಯಾಕರಣವನ್ನು ಇಲ್ಲಿ ಬೈಸಿಕೊಂಡು ಕಲಿತದ್ದು ಅಲ್ಲಿ ಕೈಹಿಡಿಯಿತು.

ಕೊನೆಗೆ ಮೂರು ಮಾತು. ಮೊದಲನೆಯದು, ಹತ್ತನೇ ತರಗತಿಯ ಪರೀಕ್ಷೆಗೆ ಮೊದಲು ನಿಮ್ಮ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯೇ ಎಂದು ಒಂದೊಂದಕ್ಷರ ನೋಡಿ. ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರಿರಲಿ. ಎರಡನೆಯದು, ಬಿಇ ಓದಿದವರಿಗೆ ಮಾತ್ರ ದಾರಿ ಎಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ ಬಂದ ಕಾನೂನಿನಿಂದ ಕೈಕಸುಬು ಕಲಿತವರಿಗೂ ದಾರಿ ಅಗಲವಾಗಿದೆ; ನರ್ಸಿಂಗ್ ಓದಿದವರಿಗೂ ಅಲ್ಲಿ ಬೇಡಿಕೆ ಇದೆ. ಆದರೆ ತರಬೇತಿಗೆ ಮಾನ್ಯತೆ ಬೇಕು, ಜರ್ಮನ್ ಬರಬೇಕು. ಮೂರನೆಯದು, ಬ್ಲೂ ಕಾರ್ಡ್ ಕೊಡಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳುವವರಿಗೆ ಹೊಲ ಅಡವಿಟ್ಟು ಕೊಡಬೇಡಿ. ಅದನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ. ವೀಸಾ ಅರ್ಜಿಯ ಶುಲ್ಕ 75 ಯೂರೋ, ಅಷ್ಟೇ.

ನಿನ್ನೆ ಆಫೀಸಿನಲ್ಲಿ ಆ ವಹಿ ಮತ್ತೆ ನೋಡಿದೆ. ಅಂಚು ಗೆದ್ದಲು ತಿಂದಿದೆ. ನನ್ನ ಸಾಲಿನ ಮೇಲೆ ಕೆಳಗೆ ನಿಮ್ಮೆಲ್ಲರ ಹೆಸರೂ ಇವೆ. ನಮ್ಮ ಬ್ಯಾಚಿನವರು ಸೇರಿ ಹಳೆಯ ವಹಿಗಳಿಗೆಲ್ಲ ರಟ್ಟು ಕಟ್ಟಿಸಿ, ಪುಟಗಳನ್ನು ಸ್ಕ್ಯಾನ್ ಮಾಡಿಸಿ, ಒಂದು ಹೊಸ ಕಬ್ಬಿಣದ ಬೀರು ಕೊಡುವುದೆಂದು ಮಾತಾಡಿಕೊಂಡಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಇನ್ನು ಯಾವ ಮಗುವಿನ ಅಪ್ಪ ಯಾವ ಬೆಳಗ್ಗೆ ಬಂದು ಈ ಮೆಟ್ಟಿಲ ಮೇಲೆ ಕಾಯುತ್ತಾರೋ! ಆ ದಿನ ಅವರ ಸಾಲು ಸಿಗಬೇಕು.