ಹಳ್ಳಿ ನಗರಕ್ಕೆ ಸೇರುವಾಗ ನಮ್ಮ ಲೆಕ್ಕ ನಮ್ಮ ಕೈಯಲ್ಲಿರಲಿ

(ಗಡಿನಾಡ ಕನ್ನಡ ಶಾಲೆಗಳ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಬರುವ ಮಾತು ಪಠ್ಯಪುಸ್ತಕ ತಡವಾದದ್ದು, ಶಿಕ್ಷಕರ ಹುದ್ದೆ ಖಾಲಿ ಬಿದ್ದದ್ದು, ಒಂದನೇ ತರಗತಿಗೆ ಮಕ್ಕಳು ಕಡಿಮೆಯಾದದ್ದು. ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಶಾಲೆಗೆ ಸಂಬಂಧಿಸಿದ್ದಲ್ಲ ಎನಿಸಬಹುದು. ಅದು ನಗರದಂಚಿನ ಗ್ರಾಮ ಪಂಚಾಯ್ತಿಗಳನ್ನು ಪಕ್ಕದ ನಗರಸಭೆಗೋ ಮಹಾನಗರ ಪಾಲಿಕೆಗೋ ಸೇರಿಸುವ ವಿಷಯ. ಈ ಒಂದು ಆದೇಶ ಹೊರಬಿದ್ದ ದಿನ ನಮ್ಮ ಶಾಲೆ, ನಮ್ಮ ಓಟು, ನಮ್ಮ ಭಾಷೆಯ ಹಕ್ಕು ಮೂರರ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಇದನ್ನು ನಾವು ಶಿಕ್ಷಕರೇ ಮೊದಲು ತಿಳಿದುಕೊಳ್ಳಬೇಕು.

ನಡೆದದ್ದನ್ನು ಮೊದಲು ನೋಡೋಣ. ಸೋಲಾಪುರದವರಿಗೆ ‘ಹದ್ದವಾಢ’ ಎಂಬ ಮರಾಠಿ ಮಾತು ಚೆನ್ನಾಗಿ ಗೊತ್ತು. 1992ರಲ್ಲಿ ಅಲ್ಲಿಯ ಮಹಾನಗರಪಾಲಿಕೆಯ ಹದ್ದು ಬೆಳೆಯಿತು. ಸುಮಾರು 33 ಚದರ ಕಿಲೋಮೀಟರ್ ಇದ್ದ ನಗರ ಸುತ್ತಲ ಹಳ್ಳಿಗಳನ್ನು ಸೇರಿಸಿಕೊಂಡು ಸುಮಾರು 178 ಚದರ ಕಿಲೋಮೀಟರ್ ಆಯಿತು. ಹೊಸೂರಿನಲ್ಲಿ 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಊರು ನಾಲ್ಕೂ ದಿಕ್ಕಿಗೆ ಹರಡಿತು. ನಗರಸಭೆಯಾಗಿದ್ದಾಗಲೇ ಮತ್ತಿಗಿರಿ, ಜೂಜುವಾಡಿ ಮೊದಲಾದ ಊರುಗಳು ಅದಕ್ಕೆ ಸೇರಿದವು. 2019ರಲ್ಲಿ ಅದು ಮಹಾನಗರ ಪಾಲಿಕೆಯಾಯಿತು. 2022ರಲ್ಲಿ 45 ವಾರ್ಡುಗಳಿಗೆ ಮೊದಲ ಚುನಾವಣೆ ನಡೆಯಿತು. 2025ರ ಆರಂಭದಲ್ಲಿ ತಮಿಳುನಾಡು ಸರಕಾರ ರಾಜ್ಯದ ನೂರಾರು ಗ್ರಾಮ ಪಂಚಾಯ್ತಿಗಳನ್ನು ನಗರಾಡಳಿತಗಳಿಗೆ ಸೇರಿಸುವ ಕ್ರಮ ಕೈಗೊಂಡಿತು. ಅನೇಕ ಕಡೆ ಹಳ್ಳಿಯವರು ಇದನ್ನು ವಿರೋಧಿಸಿದರು. ಮನೆಕಂದಾಯ ಏರುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಕೈತಪ್ಪುತ್ತದೆ ಎಂಬುದು ಅವರ ಮುಖ್ಯ ದೂರು.

ಸೇರುವುದೇ ಕೆಟ್ಟದ್ದೆಂದು ನಾನು ಹೇಳುವವನಲ್ಲ. ಹೊಲವೆಲ್ಲ ಸೈಟಾಗಿ, ಮನೆ ಮೇಲೆ ಮನೆ ಎದ್ದ ಊರಿಗೆ ಒಳಚರಂಡಿ ಬೇಕು, ಕೊಳವೆ ನೀರು ಬೇಕು, ಕಸದ ಗಾಡಿ ಬೇಕು. ಸಣ್ಣ ಪಂಚಾಯ್ತಿಯ ಗಂಟಿನಲ್ಲಿ ಅಷ್ಟು ಹಣವಿರುವುದಿಲ್ಲ. ಆದರೆ ಸೇರಿದ ಮಾತ್ರಕ್ಕೆ ಸೌಕರ್ಯ ಓಡಿ ಬರುತ್ತದೆಂಬ ನಂಬಿಕೆಯೂ ಬೇಡ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ 7 ನಗರಸಭೆ, 1 ಪುರಸಭೆಯ ಜೊತೆಗೆ 110 ಹಳ್ಳಿಗಳು ಸೇರಿದವು. ಆ ಹಳ್ಳಿಗಳಿಗೆ ನೀರು ಕೊಡುವುದಕ್ಕೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ! ಕನ್ನಡನಾಡಿನ ರಾಜಧಾನಿಯ ಮಗ್ಗುಲಲ್ಲೇ ಹೀಗಾದರೆ, ಭಾಷೆಯಿಂದಲೂ ಅಂಚಿನಲ್ಲಿರುವ ನಾವು ಎಷ್ಟು ಎಚ್ಚರದಿಂದಿರಬೇಕು ಯೋಚಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರಾಜ್ಯಗಳ ಪುನರ್ವಿಂಗಡಣೆಯ ಸಮಯದಲ್ಲಿ, 1956ರ ಸೆಪ್ಟೆಂಬರಿನಲ್ಲಿ, ಕೇಂದ್ರ ಗೃಹ ಸಚಿವಾಲಯ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಂದು ಜ್ಞಾಪನಪತ್ರ ಹೊರಡಿಸಿತು. ಒಂದು ಜಿಲ್ಲೆಯಲ್ಲಿ, ಅಥವಾ ನಗರಸಭೆ, ತಹಸೀಲಿನಂಥ ಅದಕ್ಕಿಂತ ಸಣ್ಣ ಪ್ರದೇಶದಲ್ಲಿ, ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿದ್ದರೆ ಸರಕಾರದ ಮುಖ್ಯ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಸಹ ಪ್ರಕಟಿಸಬೇಕೆಂಬುದು ಅದರ ಒಂದು ಅಂಶ. ಶೇಕಡಾವಾರು ಲೆಕ್ಕ ಹಾಕುವಾಗ ಮೇಲಿನ ಸಂಖ್ಯೆಯಷ್ಟೇ ಕೆಳಗಿನ ಸಂಖ್ಯೆಯೂ ಮುಖ್ಯ. ಇದನ್ನು ನಾವು ಏಳನೇ ತರಗತಿಯ ಮಕ್ಕಳಿಗೆ ಕಲಿಸುತ್ತೇವೆ. ನಮ್ಮ ಬದುಕಿಗೆ ಅನ್ವಯಿಸಿ ನೋಡುವುದಿಲ್ಲ.

ಕಪ್ಪುಹಲಗೆಯ ಮೇಲೆ ಬರೆಯುವಂತೆ ಒಂದು ಲೆಕ್ಕ ಮಾಡೋಣ. ಒಂದು ಪಂಚಾಯ್ತಿಯಲ್ಲಿ 5,000 ಜನ, ಅವರಲ್ಲಿ ಕನ್ನಡಿಗರು 2,000 ಎಂದಿಟ್ಟುಕೊಳ್ಳಿ. ಅಂದರೆ ಶೇ. 40. ಪಕ್ಕದ ನಗರದಲ್ಲಿ 95,000 ಜನ, ಕನ್ನಡಿಗರು 4,000. ಎರಡೂ ಕೂಡಿದರೆ ಒಟ್ಟು ಜನ 1,00,000, ಕನ್ನಡಿಗರು 6,000. ಶೇಕಡಾ ಆರು! ಒಬ್ಬ ಕನ್ನಡಿಗನೂ ಊರು ಬಿಡಲಿಲ್ಲ, ಒಬ್ಬನೂ ಭಾಷೆ ಮರೆಯಲಿಲ್ಲ. ಆದರೂ ಶೇ. 40 ಇದ್ದವರು ಒಂದು ಆದೇಶದಿಂದ ಹದಿನೈದರ ಗೆರೆಯ ಕೆಳಗೆ ಜಾರಿದರು. ಇದನ್ನು ಯಾರೋ ದ್ವೇಷದಿಂದ ಮಾಡಿದರೆಂದಲ್ಲ. ಗೆರೆ ಎಳೆದವರ ಮುಂದೆ ಭಾಷೆಯ ಲೆಕ್ಕವೇ ಇರಲಿಲ್ಲ.

ಏಕೆ ಇರಲಿಲ್ಲ? 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯನ್ನು ನೋಡಿ. ಯಾವ ಪ್ರದೇಶ ನಗರ, ಯಾವುದು ಹಳ್ಳಿಯಿಂದ ಪಟ್ಟಣವಾಗುತ್ತಿರುವ ಪ್ರದೇಶ ಎಂದು ಗೊತ್ತುಮಾಡುವ ಬಗೆಯನ್ನು 243ಕ್ಯೂ ವಿಧಿ ಹೇಳುತ್ತದೆ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತದ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಇವನ್ನು ಗಮನಿಸಬೇಕೆಂದು ಅಲ್ಲಿದೆ. ಭಾಷೆಯ ಹೆಸರಿಲ್ಲ. ಆದರೆ ಪಟ್ಟಿಯ ಕೊನೆಯಲ್ಲಿ, ರಾಜ್ಯಪಾಲರಿಗೆ ತಕ್ಕದ್ದೆಂದು ತೋರಿದ ಇತರ ಅಂಶಗಳು ಎಂಬ ಮಾತಿದೆ. ನಮ್ಮ ಬಾಗಿಲು ಅದು. ಆ ಬಾಗಿಲನ್ನು ನಾವೇ ಹೋಗಿ ತಟ್ಟಬೇಕು.

ಈ ಸಮಸ್ಯೆ ನಮ್ಮ ದೇಶಕ್ಕೇ ಸೀಮಿತವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ನಗರವಿರುವ ಭಾಗಕ್ಕೆ ಕಿಂಗ್ ಕೌಂಟಿ ಎನ್ನುತ್ತಾರೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಪೇಟೆಯಂತೆ ಬೆಳೆದರೂ ಯಾವ ನಗರಾಡಳಿತಕ್ಕೂ ಸೇರದೆ ಉಳಿದ ಬಡಾವಣೆಗಳನ್ನು ಅಲ್ಲಿ ಕೌಂಟಿಯೇ ನೋಡಿಕೊಳ್ಳಬೇಕು. ಆ ಹೊರೆ ಹೆಚ್ಚಾದಾಗ ಅವುಗಳನ್ನು ಅಕ್ಕಪಕ್ಕದ ನಗರಗಳಿಗೆ ಸೇರಿಸಲು ಕೌಂಟಿ ಮುಂದಾಯಿತು. ಸೇರಿಸಿಕೊಳ್ಳುವ ನಗರಗಳಿಗೆ ಖರ್ಚು ತೂಗಿಸಲು ಮಾರಾಟ ತೆರಿಗೆಯ ಒಂದು ಪಾಲು ಬಿಟ್ಟುಕೊಡುವ ಏರ್ಪಾಡನ್ನು ರಾಜ್ಯ 2006ರಲ್ಲಿ ಮಾಡಿತು. 2011ರ ಜೂನ್‌ನಲ್ಲಿ ಸುಮಾರು 31,000 ಜನರ ಪ್ರದೇಶ ಕರ್ಕ್‌ಲೆಂಡ್ ನಗರಕ್ಕೆ ಸೇರಿತು. ಆದರೆ 2012ರ ನವೆಂಬರಿನಲ್ಲಿ ಹಲವು ಭಾಷೆಗಳ ವಲಸಿಗರು ನೆಲಸಿರುವ ಎರಡು ಕಡೆ ಫಲಿತಾಂಶ ಬೇರೆಯಾಯಿತು. ವೈಟ್ ಸೆಂಟರ್ ಭಾಗದ ಮತದಾರರು ಬ್ಯೂರಿಯನ್ ನಗರಕ್ಕೂ ಸ್ಕೈವೇ ಭಾಗದವರು ರೆಂಟನ್ ನಗರಕ್ಕೂ ಸೇರಲು ಒಪ್ಪಲಿಲ್ಲ. ಅವರನ್ನು ಮತಪೆಟ್ಟಿಗೆಯ ಮೂಲಕ ಕೇಳಿದ್ದರು, ಅವರು ಬೇಡವೆಂದರು. ನಮ್ಮಲ್ಲಿ ಹೀಗೆ ಮತ ಕೇಳುವ ಪದ್ಧತಿಯಿಲ್ಲ. ಸರಕಾರದ ಅಧಿಸೂಚನೆ ಬರುತ್ತದೆ, ಆಕ್ಷೇಪಣೆಗೆ ಇಂತಿಷ್ಟು ದಿನವೆಂದು ಗಡುವಿರುತ್ತದೆ. ನಮಗೆ ಸಿಗುವುದು ಆ ಕೆಲವು ದಿನಗಳು ಮಾತ್ರ. ಅಧಿಸೂಚನೆ ಹೊರಟ ಸುದ್ದಿ ನಮ್ಮ ಊರಿಗೆ ಮುಟ್ಟುವ ಹೊತ್ತಿಗೆ ಆ ಗಡುವೂ ಮುಗಿದಿರುತ್ತದೆ.

ಇನ್ನು ಶಾಲೆಯ ಮಾತು. ಸಂವಿಧಾನದ 350ಎ ವಿಧಿಯನ್ನು ನಾವೆಲ್ಲ ಭಾಷಣಗಳಲ್ಲಿ ಹೇಳುತ್ತೇವೆ. ಅಲ್ಲಿರುವ ಒಂದು ಪದವನ್ನು ಮಾತ್ರ ಗಮನಿಸಿರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ಪ್ರಯತ್ನಿಸುವ ಹೊಣೆಯನ್ನು ಅದು ರಾಜ್ಯದ ಮೇಲಷ್ಟೇ ಅಲ್ಲದೆ ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಮೇಲೂ ಹೊರಿಸಿದೆ. ಪಂಚಾಯ್ತಿ ಹೇಗೆ ಸ್ಥಳೀಯ ಪ್ರಾಧಿಕಾರವೋ ಮಹಾನಗರ ಪಾಲಿಕೆಯೂ ಹಾಗೆಯೇ. ಹಳ್ಳಿ ಸೇರಿದಾಗ ಹಳ್ಳಿಯ ಕಂದಾಯದ ಜೊತೆಗೆ ಈ ಹೊಣೆಯೂ ನಗರದ ತಲೆಗೆ ಬರುತ್ತದೆ. ನಗರಾಡಳಿತ ಇದನ್ನು ಮಾಡಬಲ್ಲದು ಎಂಬುದಕ್ಕೆ ಸೋಲಾಪುರವೇ ಸಾಕ್ಷಿ. ಅಲ್ಲಿಯ ಮಹಾನಗರಪಾಲಿಕೆ ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದು ಶಾಲೆಗಳನ್ನೂ ನಡೆಸಿದೆ.

ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕೆಂಬುದು 1949ರ ಶಿಕ್ಷಣ ಸಚಿವರ ಸಮ್ಮೇಳನದಿಂದ ಬಂದ ಸೂತ್ರ. ಶಾಲೆ ತೆರೆಯುವುದಕ್ಕೆ ಮೊದಲೇ ಅಲ್ಪಸಂಖ್ಯಾತ ಮಕ್ಕಳ ಹೆಸರು ನೋಂದಾಯಿಸಿಕೊಳ್ಳಬೇಕು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ನಡುವೆ ಹೊಂದಿಸಬೇಕು ಎಂಬುದನ್ನೂ ರಾಜ್ಯಗಳು ಆಮೇಲೆ ಒಪ್ಪಿದವು. ನಗರ ಸೇರಿದ ಊರಿಗೆ ಈ ಕೊನೆಯದು ಬಹಳ ಉಪಯೋಗದ್ದು. ಮೂರು ಬಡಾವಣೆಗಳಲ್ಲಿ ಚದುರಿದ ಆರಾರು ಮಕ್ಕಳನ್ನು ಕೂಡಿಸಿದರೆ ಹದಿನೆಂಟು ಮಕ್ಕಳಾಗುತ್ತಾರೆ. ಆದರೆ ಕೂಡಿಸಿ ತೋರಿಸುವವರು ಯಾರು? ಆ ಪಟ್ಟಿ ನಮ್ಮ ಶಾಲೆಯಿಂದಲೇ ಹೋಗಬೇಕು.

ಇನ್ನೊಂದು ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಪಂಚಾಯ್ತಿಯಿದ್ದಾಗ ಗ್ರಾಮಸಭೆಯಿತ್ತು. ಅಲ್ಲಿ ಅಜ್ಜಿಯೊಬ್ಬಳು ಎದ್ದುನಿಂತು ಕನ್ನಡದಲ್ಲೇ ಕೇಳಬಹುದಿತ್ತು, ಅಧ್ಯಕ್ಷರು ಕನ್ನಡದಲ್ಲೇ ಉತ್ತರಿಸುತ್ತಿದ್ದರು. ಯಾವ ಕಾಯಿದೆಯೂ ಅದಕ್ಕೆ ಬೇಕಿರಲಿಲ್ಲ. ಊರಿನ ಮಾತೇ ಆಡಳಿತದ ಮಾತಾಗಿತ್ತು. ನಗರವಾದ ಮೇಲೆ ಗ್ರಾಮಸಭೆ ನಿಲ್ಲುತ್ತದೆ. ವಾರ್ಡ್ ಸಮಿತಿಗಳು ಕಡ್ಡಾಯವೆಂದು ಸಂವಿಧಾನ ಹೇಳುವುದು 3 ಲಕ್ಷ ಅಥವಾ ಹೆಚ್ಚು ಜನರಿರುವ ನಗರಗಳಿಗೆ. ತಮಿಳುನಾಡು ವಾರ್ಡ್ ಸಮಿತಿ, ಏರಿಯಾ ಸಭೆಗಳಿಗೆ 2022ರಲ್ಲಿ ನಿಯಮ ಮಾಡಿದೆ. ನಮ್ಮವರು ಅಲ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಈಗ ಎಷ್ಟೋ ಕಡೆ ಆಗುತ್ತಿರುವಂತೆ, ಮನೆಕಂದಾಯದ ನೋಟೀಸು ಹಿಡಿದುಕೊಂಡು ಹಿರಿಯರು ಶಾಲೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ ನೋಡಿ” ಎನ್ನುವುದೇ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಎಣಿಕೆ. ಊರಿನಲ್ಲಿ ಕನ್ನಡ ಮನೆಗಳೆಷ್ಟು, ಶಾಲೆಗೆ ಸೇರುವ ವಯಸ್ಸಿನ ಮಕ್ಕಳೆಷ್ಟು ಎಂಬ ಪಟ್ಟಿ ಪ್ರತಿ ಕನ್ನಡ ಶಾಲೆಯಲ್ಲೂ ಇರಬೇಕು. 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಪಡಿಸಿರುವ ಜನಗಣತಿಯಲ್ಲಿ ಮಾತೃಭಾಷೆಯ ಕಾಲಂ ಎದುರು ಕನ್ನಡವೆಂದು ಹೇಳಿ ಬರೆಸಬೇಕು. ಅಲ್ಲಿ ಬರೆಸದವರು ಮುಂದಿನ ಯಾವ ಲೆಕ್ಕದಲ್ಲೂ ಇರುವುದಿಲ್ಲ.

ಎರಡು, ಗ್ರಾಮಸಭೆ ಜೀವಂತವಿರುವಾಗಲೇ ನಿರ್ಣಯ. ಸೇರುವುದು ತಪ್ಪದು ಎಂದಾದರೆ ಬರಿಯ ವಿರೋಧ ಬರೆದು ಸುಮ್ಮನಾಗಬೇಡಿ. ಕನ್ನಡ ಶಾಲೆಯನ್ನು ಅದರ ಮಾಧ್ಯಮದ ಹೆಸರು ಹೇಳಿ ಉಳಿಸಬೇಕು, ಊರನ್ನು ಎರಡು ವಾರ್ಡಾಗಿ ಸೀಳಬಾರದು, ಪ್ರಕಟಣೆ ಕನ್ನಡದಲ್ಲೂ ಬರಬೇಕು ಎಂದು ಬರೆಯಿರಿ. ವಾರ್ಡಿನ ವಿಷಯ ಸಣ್ಣದಲ್ಲ. ಒಂದೇ ವಾರ್ಡಿನಲ್ಲಿ ಒಟ್ಟಾಗಿದ್ದರೆ ಅಭ್ಯರ್ಥಿ ನಮ್ಮ ಮನೆಗೆ ಬರುತ್ತಾನೆ. ಎರಡರಲ್ಲಿ ಹರಿದು ಹಂಚಿದರೆ ಎರಡೂ ಕಡೆ ನಾವು ಲೆಕ್ಕಕ್ಕಿಲ್ಲ.

ಮೂರು, ಕನ್ನಡದಲ್ಲೇ ಆಕ್ಷೇಪಣೆ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು 350ನೇ ವಿಧಿ ಕೊಟ್ಟಿದೆ. ಜೊತೆಗೆ ರಾಜ್ಯಭಾಷೆಯ ಅನುವಾದವನ್ನೂ ಇಟ್ಟರೆ ಕೆಲಸ ಬೇಗ ಆಗುತ್ತದೆ, ಅದರಲ್ಲಿ ಅಭಿಮಾನಭಂಗವೇನಿಲ್ಲ. ಸ್ವೀಕೃತಿ ಮುದ್ರೆ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಒಂದು ಪ್ರತಿ 350ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಲಿ.

ನಾಲ್ಕು, ತಾಲೂಕಿನ ಲೆಕ್ಕ. ನಗರದಲ್ಲಿ ಶೇ. 6ಕ್ಕೆ ಇಳಿದರೂ ತಾಲೂಕಿನಲ್ಲಿ ಶೇ. 15 ದಾಟಿರಬಹುದು. 1956ರ ಪತ್ರ ಎರಡನ್ನೂ ಹೇಳಿದೆ. ಯಾವುದು ನಮಗೆ ಒದಗುತ್ತದೋ ಅದನ್ನು ಹಿಡಿಯೋಣ. ಆ ಪತ್ರ ಸರಕಾರಗಳು ಒಪ್ಪಿದ ಆಡಳಿತ ನೀತಿಯೇ ಹೊರತು ಶಾಸನವಲ್ಲ ಎಂಬುದೂ ನೆನಪಿರಲಿ. ಅದಕ್ಕೇ ನೆನಪಿಸುವವರು ಇದ್ದಷ್ಟು ದಿನ ಮಾತ್ರ ಅದು ನಡೆಯುತ್ತದೆ.

ಬಂಧುಗಳೇ, ನಾವು ಎಲ್ಲಿಂದಲೋ ಬಂದವರಲ್ಲ. ರಾಜ್ಯದ ಗಡಿ ನಮ್ಮನ್ನು ದಾಟಿ ಹೋಯಿತು, ನಾವು ಇದ್ದಲ್ಲೇ ಇದ್ದೆವು. ಈಗ ನಗರದ ಗಡಿ ದಾಟುವ ಸರದಿ. ರಾಜ್ಯದ ಗಡಿ ಎಳೆದಾಗ ನಮ್ಮ ಹಿರಿಯರಿಗೆ ಒಂದು ಜ್ಞಾಪನಪತ್ರವಾದರೂ ಸಿಕ್ಕಿತು. ನಗರದ ಗಡಿ ಎಳೆಯುವಾಗ ಅಷ್ಟೂ ತಾನಾಗಿ ಸಿಗುವುದಿಲ್ಲ. ಮುಂದಿನ ಸಭೆಗೆ ಬರುವಾಗ ಪ್ರತಿ ಶಾಲೆಯವರೂ ತಮ್ಮ ಊರಿನ ಮನೆಗಳ, ಮಕ್ಕಳ ಪಟ್ಟಿಯನ್ನು ಬರೆದು ತನ್ನಿ. ಓದುಗರು ತಮ್ಮ ಊರಿನ ಪಟ್ಟಿಯನ್ನು ಹತ್ತಿರದ ಕನ್ನಡ ಶಾಲೆಗೆ ಮುಟ್ಟಿಸಿ. ಒಂದು ನೋಟ್‌ಪುಸ್ತಕ, ನಾಲ್ಕು ಭಾನುವಾರ ಸಾಕು.